ದನದ ಡಾಕ್ಟರರ ಕಾಫಿ

ಹುಕ್ಕೇರಿಯಲ್ಲಿ ಕಾಫಿ ಕುಡಿಯುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಅದರಲ್ಲೂ ಎರಡು ಬೆರಳು ಮಡಚಿಯೇ ಇರುತ್ತವೆ. ಊರೆಂದರೆ ಚಹಾದ ಊರು. ಎದ್ದ ಕೂಡಲೇ ಚಹಾ, ಹೊಲಕ್ಕೆ ಹೋಗುವಾಗ ಚಹಾ, ಹೊಲದಿಂದ ಬಂದರೆ ಚಹಾ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಚಹಾ. ಇಂಥ ಊರಲ್ಲಿ, ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ದುರ್ಗಪ್ಪನವರು ಅರವತ್ತೊಂದನೆಯ ವಯಸ್ಸಿಗೆ ಕಾಫಿ ಮಾಡುವುದನ್ನು ಕಲಿಯಲು ಹೊರಟರು. ಚಟಕ್ಕಲ್ಲ. ಅವರಿಗೆ ಕಾಫಿ ಸೇರುತ್ತಲೂ ಇರಲಿಲ್ಲ. ಸಿಟ್ಟಿಗೆ.

ಸಿಟ್ಟು ಪರಸಪ್ಪನ ಮೇಲೆ. ಪರಸಪ್ಪ ಘೋಡಗೇರಿ ಕಡೆಯ ತೋಟದ ಮನೆಯವನು, ಎಂಬತ್ತು ಕುರಿ, ನಾಲ್ಕು ಎಕರೆ ಕಬ್ಬು. ಕುರಿಗೆ ಬೇನೆ ಬಂದಾಗ ಶುರುವಾದ ಪರಿಚಯ ಇಪ್ಪತ್ತೆರಡು ವರ್ಷದ ಗೆಳೆತನವಾಗಿತ್ತು. ಸಂತೆಯ ದಿನ ಹುಕ್ಕೇರಿಗೆ ಬಂದರೆ ದುರ್ಗಪ್ಪನವರ ಮನೆಯ ಮುಂದೆ ಗಾಡಿ ನಿಲ್ಲಿಸದೆ ಹೋದವನಲ್ಲ. ಕಟ್ಟೆಯ ಮೇಲೆ ಕೂರುತ್ತಿದ್ದ, ಹೆಗಲ ಕಂಬಳಿ ಇಳಿಸುತ್ತಿದ್ದ, ಒಂದು ತಾಸು ಮಾತಾಡುತ್ತಿದ್ದ. ಹೆಂಡತಿಗೂ ಹೇಳದ ಮಾತನ್ನು ದುರ್ಗಪ್ಪನವರಿಗೆ ಹೇಳುತ್ತಿದ್ದ. ಒಳಗೆ ಬಾ ಎಂದರೆ ಮಾತ್ರ, "ಇಲ್ಲೇ ಗಾಳಿ ಚಲೋ ಐತ್ರಿ." ಚಹಾ ತರಲೇ ಎಂದರೆ, "ಈಗಷ್ಟ ಕುಡದ ಬಂದೇನ್ರಿ ಡಾಕ್ಟರ್‌ರ."

ಇಪ್ಪತ್ತೆರಡು ವರ್ಷ! ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಸದಾಕಾಲ ಈಗಷ್ಟೇ ಚಹಾ ಕುಡಿದಿರಲು ಅವನ ಹೊಟ್ಟೆಯೇನು ಹಿಡಕಲ್ ಡ್ಯಾಮೇ?

ಕಾರಣ ದುರ್ಗಪ್ಪನವರಿಗೆ ಗೊತ್ತಿರಲಿಲ್ಲವೆಂದಲ್ಲ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಅವರು ಯಾವ ಕೇರಿಯಿಂದ ಬಂದವರು ಎಂಬುದು ತಾಲ್ಲೂಕಿನ ನಾಯಿ-ನರಿಗೂ ಗೊತ್ತು. ಹಾಗಂತ ಈಗ ಯಾರೂ ಬಾಯಿ ಬಿಟ್ಟು ಜಾತಿಯ ಮಾತು ಆಡುವುದಿಲ್ಲ. ಕಾಲ ಸುಧಾರಿಸಿದೆ. ಈಗ ಎಲ್ಲರೂ ಬರೀ ಚಹಾ ಕುಡಿದು ಬಂದಿರುತ್ತಾರೆ. ಹೊಸ ಮನೆ ಹೊಕ್ಕ ದಿನವೂ ಹೀಗೇ ಆಗಿತ್ತು. ಸೋಮವಾರ ಉಪವಾಸದವರಿರುತ್ತಾರೆ, ಗುರುವಾರದವರಿರುತ್ತಾರೆ, ಶನಿವಾರದವರಂತೂ ಇದ್ದೇ ಇರುತ್ತಾರೆ ಎಂದು ಹೆಂಡತಿ ಮಾಯಾ ವಾರ ಎಣಿಸಿ ಎಣಿಸಿ ಬುಧವಾರ ಊಟ ಇಟ್ಟಿದ್ದರು. ಬುಧವಾರಕ್ಕೂ ಒಂದು ಉಪವಾಸ ಹುಟ್ಟಿಕೊಂಡಿತು. ಅರವತ್ತು ಮಂದಿ ಬಂದರು, ಆಹೇರಿಯೆಂದು ಬಟ್ಟೆ, ದುಡ್ಡು ಕೊಟ್ಟರು, ಮನೆ ಚೆಂದ ಆಗಿದೆ ಎಂದರು, ಹೋದರು. ಮನೆಮಂದಿ ನಾಲ್ಕು ದಿನ ಹೋಳಿಗೆ ತಿಂದರು.

ಉಳಿದವರು ಹಾಳಾಗಿ ಹೋಗಲಿ, ದುರ್ಗಪ್ಪನವರಿಗೆ ಅವರ ಚಿಂತೆ ಇರಲಿಲ್ಲ. ಪರಸಪ್ಪನದೇ ಮುಳ್ಳು. ಯಾಕೆಂದರೆ ಅವನ ತೋಟದ ಮನೆಗೆ ಹೋದರೆ ದುರ್ಗಪ್ಪನವರಿಗೆ ಬೇರೆ ಬಟ್ಟಲಿಲ್ಲ, ಪೇಪರ್ ಕಪ್ಪಿಲ್ಲ. ಅವನ ಹೆಂಡತಿ ಲಗಮವ್ವ "ಅಣ್ಣಾರ" ಎಂದು ಕರೆದು, ಗಂಡ ಕುಡಿಯುವಂಥದ್ದೇ ಸ್ಟೀಲ್ ಬಟ್ಟಲಲ್ಲಿ ಚಹಾ ಕೊಡುತ್ತಿದ್ದಳು. ಗಂಡ-ಹೆಂಡತಿಗೆ ಕೊಡಲು ಬರುತ್ತಿತ್ತು, ತೆಗೆದುಕೊಳ್ಳಲು ಬರುತ್ತಿರಲಿಲ್ಲ. "ಯಾಕಪ್ಪಾ ನಮ್ಮನಿದು ಕುಡಿಯೂದಿಲ್ಲ?" ಎಂದು ಒಂದು ಸಲ ಕೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದೆ. ಆ ಉತ್ತರ ಬಂದ ಮೇಲೆ ಮತ್ತೆ ಅವನ ಜೊತೆ ಕೂರುವುದು ಹೇಗೆ? ಗೆಳೆಯ ಬೇಕು, ಅವಮಾನ ಬೇಡ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹೊತ್ತು ದುರ್ಗಪ್ಪನವರಿಗೆ ಸಾಕಾಗಿತ್ತು.

ಆಗ ಮಗಳು ಭಾಗ್ಯಾ ಬಂದಳು. ಆಕೆ ಹಾಸನದ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ನಾಲ್ಕು ದಿನದ ರಜೆಗೆ ಬಂದವಳು ತನಗೆಂದು ಕಾಫಿ ಪುಡಿಯ ಪೊಟ್ಟಣ ತಂದಿದ್ದಳು, ಹೋಗುವಾಗ ಉಳಿದದ್ದನ್ನು ಬಿಟ್ಟುಹೋದಳು. ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ ದುರ್ಗಪ್ಪನವರ ತಲೆಯಲ್ಲಿ ಫಕ್ಕನೆ ಒಂದು ವಿಚಾರ ಹೊಳೆಯಿತು. ಈಗಷ್ಟೇ ಚಹಾ ಕುಡಿದು ಬಂದೆ ಎಂದು ಯಾರು ಬೇಕಾದರೂ ಹೇಳಬಹುದು. ಈಗಷ್ಟೇ ಕಾಫಿ ಕುಡಿದು ಬಂದೆ ಎಂದು ಈ ತಾಲ್ಲೂಕಿನಲ್ಲಿ ಯಾವ ಮಗ ಹೇಳುತ್ತಾನೆ?

"ಮಾಯಾ, ಹಾಲ ಐತೇನ?" ಎಂದು ಅವರು ಅಡುಗೆ ಮನೆಗೆ ನುಗ್ಗಿದರು.

ಮೊದಲ ಕಾಫಿಯನ್ನು ಅವರು ತಮಗೆ ತಿಳಿದ ಹಾಗೆ ಮಾಡಿದರು, ಅಂದರೆ ಚಹಾ ಮಾಡಿದ ಹಾಗೆ. ಬೋಗಾಣಿಗೆ ನೀರು, ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಎರಡು ಯಾಲಕ್ಕಿ, ಮೇಲೆ ಮೂರು ಚಮಚ ಪುಡಿ. ಮೂರು ಸಲ ಉಕ್ಕು ಬರುವ ತನಕ ಕುದಿಸಿದರು, ಯಾಕೆಂದರೆ ಮೂರು ಉಕ್ಕು ಬರದ ಚಹಾಕ್ಕೆ ಈ ಸೀಮೆಯಲ್ಲಿ ಮರ್ಯಾದೆ ಇಲ್ಲ. ಮಾಯಾ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಎಮ್ಮಿ ಹೊಟ್ಟಿ ಉಬ್ಬಿದಾಗ ಗೊಟ್ಟದಾಗ ಹಾಕಿ ಕುಡಸ್ತಿದ್ರೆಲ್ಲಾ, ಅದನ್ನ ಮಾಡೀರೇನ್ರಿ?" ಎಂದರು.

ಮಗಳಿಗೆ ಫೋನ್ ಹೋಯಿತು. ಆಕೆ ಡ್ಯೂಟಿಯಲ್ಲಿದ್ದಳು, ಆದರೂ ಎತ್ತಿದಳು.

"ಅಯ್ಯ ಅಪ್ಪಾ, ಕಾಫಿ ಕುದಿಸಬಾರದು! ಕುದಿಸಿದ್ರ ಕಹಿ ಬಿಡತೈತಿ. ನೀರ ಬ್ಯಾರೆ ಕಾಸಿ ಪುಡಿ ಮ್ಯಾಲ ಹಾಕಬೇಕು. ತಾನ ಹನಿ ಹನಿ ಕೆಳಗ ಇಳೀಬೇಕು."

"ಎಷ್ಟೊತ್ತಿನ್ಯಾಗ ಇಳೀತೈತಿ?"

"ಅರ್ಧಾ ತಾಸ."

"ಅರ್ಧಾ ತಾಸಿನ್ಯಾಗ ನಾ ಒಂದ ಆಕಳ ಈಯಿಸಿ ಕೈ ತೊಳಕೊಂಡ ಬರತೇನಿ!"

"ಆಕಳ ಈಯಿಸು, ಯಾರ ಬ್ಯಾಡಂದಾರ? ಕಾಫಿಗೆ ಮಾತ್ರ ಕೈ ಹಚ್ಚಬ್ಯಾಡ."

ಇಳಿಸಲು ಫಿಲ್ಟರ್ ಬೇಕಲ್ಲ. ಪ್ಯಾಟೆಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವನು ಮೊದಲು ಕುಡಿಯುವ ನೀರಿನ ಫಿಲ್ಟರ್ ತೋರಿಸಿದ, ಆಮೇಲೆ ಚಹಾ ಸೋಸುವ ಜಾಳಿಗೆ ತೋರಿಸಿದ, ಕಡೆಗೆ "ಕಾಫಿಗೆ ಫಿಲ್ಟರ್ ಯಾಕ್ರಿ, ಸಣ್ಣ ಪಾಕೀಟ ಬರತಾವಲ್ಲ, ಬಿಸಿ ಹಾಲಿನ್ಯಾಗ ಹಾಕಿ ತಿರುವಿಬಿಡ್ರಿ" ಎಂದು ಬುದ್ಧಿ ಹೇಳಿದ. ಭಾಗ್ಯಾ, ಫೋನಿನಲ್ಲೇ ಆರ್ಡರ್ ಮಾಡುತ್ತೇನೆ, ಮೂರು ದಿನದಲ್ಲಿ ಮನೆಗೇ ಬರುತ್ತದೆ ಎಂದಳು. ದುರ್ಗಪ್ಪನವರು ಕೇಳಲಿಲ್ಲ. ಮೂವತ್ತೊಂದು ವರ್ಷ ಸೂಜಿ ಹಿಡಿದವನಿಗೆ ಒಂದು ಡಬ್ಬಿಗೆ ತೂತು ಹೊಡೆಯಲು ಬರುವುದಿಲ್ಲವೇ?

ಬರಲಿಲ್ಲ. ಮೊದಲ ಡಬ್ಬಿಯ ತಳ ಸುತ್ತಿಗೆಯ ಏಟಿಗೆ ಸೀಳಿತು. ಎರಡನೆಯದರ ತೂತುಗಳು ಎಷ್ಟು ದೊಡ್ಡವಾದವೆಂದರೆ ನೀರಿಗಿಂತ ಮೊದಲು ಪುಡಿಯೇ ಇಳಿಯಿತು. ಮಾಯಾ ತಮ್ಮ ಮೆಣಸಿನಪುಡಿಯ ಡಬ್ಬಿ ಎಲ್ಲಿ ಎಂದು ಹುಡುಕುತ್ತಿದ್ದರು, ಯಾರೂ ಉತ್ತರ ಕೊಡಲಿಲ್ಲ. ದೊಡ್ಡ ತೂತಿನ ಡಬ್ಬಿಯೊಳಗೆ ಹಳೆಯ ಧೋತರದ ತುಂಡು ಹಾಸಿದರೆ ಕಾಫಿ ಸಬಕಾರದ ವಾಸನೆ ಹೊಡೆಯಿತು. ಹೊಸ ಮಲ್ಲಿನ ಬಟ್ಟೆ ತಂದು ಎರಡು ಸಲ ಕುದಿಸಿ ಹಾಸಿದ ಮೇಲೆ ಸ್ವಲ್ಪ ದಾರಿಗೆ ಬಂತು. ಡಬ್ಬಿಯನ್ನು ತಂಬಿಗೆಯ ಬಾಯಿಯ ಮೇಲೆ ಕೂರಿಸಿ ಮೇಲೊಂದು ಕಪ್ಪಿನ ಬಸಿ ಮುಚ್ಚಿದರು. ಇಳಿದದ್ದನ್ನು ಕುಡಿದರೆ ಉಪ್ಪುಪ್ಪು. ಬೋರಿನ ಸವಳು ನೀರು! ಅದನ್ನು ಚೆಲ್ಲಿ, ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರನ್ನು ಕಾಫಿಗೆಂದೇ ಒಂದು ಕೊಡ ಎತ್ತಿಟ್ಟರು.

ದೊಡ್ಡ ಅನಾಹುತ ಇನ್ನೂ ಆಗಬೇಕಿತ್ತು. ನೀರು ಕುದಿಕುದಿಯುತ್ತ ಹಾಕಬೇಡ, ಕುದ್ದ ಮೇಲೆ ಇಳಿಸಿ ಒಂದು ನಿಮಿಷ ಬಿಟ್ಟು ಹಾಕು ಎಂದು ಮಗಳು ಹೇಳಿದ್ದಳು. ಒಂದು ನಿಮಿಷ ಎಂದರೆ ಎಷ್ಟು ಡಿಗ್ರಿ? ಅಂದಾಜಿನ ಕೆಲಸ ದುರ್ಗಪ್ಪನವರಿಗೆ ಆಗುವುದಿಲ್ಲ. ಹಳೆಯ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ನೀರಿಗೆ ಅದ್ದಿದರು. ದನದ ಜ್ವರ ನೋಡುವ ಥರ್ಮಾಮೀಟರ್ ಕುದ್ದ ನೀರನ್ನು ಎಲ್ಲಿ ಕಂಡಿದ್ದೀತು, ಟಪ್ ಎಂದು ಒಡೆಯಿತು. ಮಾಯಾ ಓಡಿ ಬಂದು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ದನದ ಹಿಂದ ಇಡೂದನ್ನ ಅಡಿಗಿ ಮನ್ಯಾಗ ತಂದ್ರೇನ್ರಿ! ನಿಮಗೇನ ಮ್ಯಾಲಿಂದ ಕೆಳಗ ತನಕಾ ಬುದ್ಧಿ ಐತೋ ಇಲ್ಲೋ? ಇನ್ನ ಯಾರರೆ ನಮ್ಮ ಮನ್ಯಾಗ ಕುಡಿಯೂದಿಲ್ಲಂದ್ರ ನಾ ಅವರ ಪಾರ್ಟಿ!"

ಬೋಗಾಣಿ, ನೀರು, ಗಾಜು, ಪಾದರಸ ಎಲ್ಲವನ್ನೂ ಅವರು ಹಿತ್ತಲಾಚೆ ಗುಂಡಿ ತೋಡಿಸಿ ಹುಗಿಸಿದರು. ಹುಗಿಯುವವರೆಗೆ ಬೈದರು, ಹುಗಿದ ಮೇಲೂ ಬೈದರು.

ಮೂರು ವಾರಕ್ಕೆ ಕೈ ಕುದುರಿತು. ಮೂರು ಚಮಚ ಪುಡಿ ದಿಬ್ಬವಾಗಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಬೇಕು. ಜೋರಾಗಿ ಒತ್ತಿದರೆ ನೀರು ಇಳಿಯುವುದೇ ಇಲ್ಲ. ಮೊದಲು ಒಂದೆರಡು ಚಮಚ ಬಿಸಿನೀರು ಚಿಮುಕಿಸಿ ಪುಡಿ ಉಬ್ಬುವ ತನಕ ಕಾಯಬೇಕು. ಆಮೇಲೆ ಉಳಿದ ನೀರನ್ನು ಸುತ್ತಲೂ ಸಣ್ಣಗೆ ಬಿಟ್ಟು ಬಸಿ ಮುಚ್ಚಿ, ಸುಮ್ಮನೆ ಕೂರಬೇಕು. ಸುಮ್ಮನೆ ಕೂರುವುದೇ ಈ ವಿದ್ಯೆಯ ಅರ್ಧ, ಆ ಅರ್ಧ ದುರ್ಗಪ್ಪನವರಿಗೆ ಹುಟ್ಟಿನಿಂದಲೇ ಇರಲಿಲ್ಲ. ಐದು ನಿಮಿಷಕ್ಕೊಮ್ಮೆ ಬಸಿ ಎತ್ತಿ ನೋಡುವರು, ಡಬ್ಬಿ ಅಲ್ಲಾಡಿಸುವರು, ಅದು ಮುನಿಸಿಕೊಂಡು ನಿಂತೇ ಬಿಡುವುದು. ಹಾಲು ಆಗತಾನೇ ಕಾಸಿದ್ದಿರಬೇಕು, ಇಳಿದ ಕರಿ ರಸವನ್ನು ಮತ್ತೆ ಒಲೆಗೆ ತೋರಿಸಬಾರದು. ಇಷ್ಟೆಲ್ಲ ಪಾಲಿಸಿ ಮಾಡಿದ ಒಂದು ದಿನದ ಕಾಫಿಯನ್ನು ಮಾಯಾ ಏನೂ ಅನ್ನದೆ ಪೂರ್ತಿ ಕುಡಿದರು. ಮರುದಿನ ತಾವೇ, "ಇವತ್ತ ಮಾಡೂದಿಲ್ಲೇನ್ರಿ?" ಎಂದು ಕೇಳಿದರು. ದುರ್ಗಪ್ಪನವರು ಮೀಸೆ ಸವರಿಕೊಂಡರು.

ಸಂತೆಯ ದಿನ ಬಂತು, ಪರಸಪ್ಪನೂ ಬಂದ. ಕಟ್ಟೆಯ ಮೇಲೆ ಕೂತ.

"ಒಳಗ ಬಾ ಪರಸಪ್ಪಾ."

"ಇಲ್ಲೇ ಗಾಳಿ ಚಲೋ ಐತ್ರಿ." ಅಂದು ಎದುರಿಗಿನ ಬೇವಿನ ಗಿಡದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

"ಇರ್ಲಿ, ಕುಡಿಯಾಕ ತರತೇನಿ ತಡಿ."

"ಈಗಷ್ಟ ಚಹಾ..."

"ಚಹಾ ಅಲ್ಲಪಾ. ಕಾಫಿ."

ಪರಸಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಗಿಡ ನೋಡಿದ, ತನ್ನ ಗಾಡಿ ನೋಡಿದ, ಮುಗಿಲು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಉತ್ತರ ಸಿಗದೆ ತಡಕಾಡುವುದನ್ನು ದುರ್ಗಪ್ಪನವರು ಕಣ್ತುಂಬ ನೋಡಿದರು.

"ಕಾಫಿ ನಮ್ಮ ಮಂದಿಗೆ ಆಗಿ ಬರೂದಿಲ್ರಿ," ಎಂದ ಕಡೆಗೆ. "ಉಷ್ಣ. ನಮ್ಮ ಮುತ್ತ್ಯಾನ ಹೇಳತಿದ್ದ."

"ನಿಮ್ಮ ಮುತ್ತ್ಯಾ ಯಾವಾಗ ಕಾಫಿ ಕುಡದಿದ್ದ?"

"ಕುಡದಿಲ್ರಿ. ಅದಕ್ಕ ತೊಂಬತ್ತ ವರ್ಷ ಬದಕಿದ."

ಇಂಥವನ ಜೊತೆ ಏನು ವಾದ ಮಾಡುವುದು? ಅವನು ಹೋದ ಮೇಲೆ ದುರ್ಗಪ್ಪನವರು ಎರಡೂ ಬಟ್ಟಲು ಕಾಫಿಯನ್ನು ಸಿಟ್ಟಿನಿಂದ ತಾವೇ ಕುಡಿದರು. ಆಮೇಲೆ ಸಿಟ್ಟನ್ನು ಕಾಫಿಯ ಮೇಲೆ ತಿರುಗಿಸಿದರು. ಇದರಲ್ಲಿ ಇನ್ನೂ ಏನೋ ಕಡಿಮೆ ಇದೆ. ಪರಿಮಳ ಸಾಲದು. ವಾಸನೆ ಮೂಗಿಗೆ ಬಡಿದರೆ ಮನುಷ್ಯ ತಾನಾಗಿ ಒಳಗೆ ಎದ್ದು ಬರಬೇಕು, ಅಂಥ ಕಾಫಿ ಆಗಬೇಕು. ಮಗಳಿಗೆ ಹೇಳಿ ಆಗತಾನೇ ಹುರಿದು ಬೀಸಿದ ಪುಡಿಯನ್ನು ಪಾರ್ಸೆಲ್ ತರಿಸಿದರು, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರು. ಮುಂದಿನ ಸಂತೆಗೆ ಪರಸಪ್ಪ ಕಟ್ಟೆಯ ಮೇಲೆ ಕೂತಾಗ ಅಡುಗೆ ಮನೆಯಿಂದ ಪಡಸಾಲೆಯವರೆಗೆ ಕಿಟಕಿ ಬಾಗಿಲೆಲ್ಲ ತೆರೆದು ಕಾಫಿ ಇಳಿಸಿದರು. ಪರಸಪ್ಪ ಮೂಗು ಮೇಲೆತ್ತಿದ, ಎರಡು ಸಲ ಮೂಸಿದ.

"ಡಾಕ್ಟರ್‌ರ, ಒಳಗ ಏನೋ ಹೊತ್ತಿದ ವಾಸನಿ ಬರಾಕತ್ತೈತಿ ನೋಡ್ರಿ," ಎಂದ.

ಆ ಸಂಜೆ ಭಾಗ್ಯಾಳೇ ಫೋನ್ ಮಾಡಿದಳು. ತಾಯಿ ಎಲ್ಲ ವರದಿ ಒಪ್ಪಿಸಿದ್ದರು.

"ಅಪ್ಪಾ, ಸಿಟ್ಟಾಗಬ್ಯಾಡ, ಒಂದ ಮಾತ ಹೇಳತೇನಿ. ನೀ ಇನ್ನ ಎಷ್ಟ ಚಲೋ ಕಾಫಿ ಮಾಡಿದ್ರೂ ಆ ಕಾಕಾ ಕುಡಿಯಂಗಿಲ್ಲ. ತಪ್ಪ ಪುಡಿದಲ್ಲ, ನೀರಿಂದೂ ಅಲ್ಲ."

"ಗೊತ್ತೈತಿ," ಎಂದು ದುರ್ಗಪ್ಪನವರು ಫೋನ್ ಇಟ್ಟರು. ಗೊತ್ತಿರಲಿಲ್ಲವೇ? ಆದರೆ ಪುಡಿಯನ್ನು ಬದಲಿಸಬಹುದು, ನೀರನ್ನು ಬದಲಿಸಬಹುದು. ಬದಲಿಸಲು ಬರುವಂಥದ್ದರಲ್ಲಿ ತಪ್ಪು ಹುಡುಕುತ್ತ ಕೂತರೆ, ಬದಲಿಸಲು ಬಾರದ್ದರ ಮುಂದೆ ಹೋಗಿ ನಿಲ್ಲುವುದು ನಾಳೆಗೆ ಹೋಗುತ್ತದೆ. ಅವರು ಅಷ್ಟು ದಿನ ಮಾಡಿದ್ದು ಅದನ್ನೇ.

ಮುಂದಿನ ವಾರ, ಇನ್ನೂ ಸರಿಯಾಗಿ ಬೆಳಕಾಗುವ ಮೊದಲೇ ಪರಸಪ್ಪನ ಫೋನ್ ಬಂತು. ಚೊಚ್ಚಲ ಕುರಿ ಈಯಲಾರದೆ ತಿಣುಕುತ್ತಿದೆ, ಹೊಸ ಡಾಕ್ಟರರು ರಜೆಯಲ್ಲಿ ಊರಿಗೆ ಹೋಗಿದ್ದಾರೆ. "ನೀವ ಬರಬೇಕ್ರಿ ಡಾಕ್ಟರ್‌ರ, ನಿಮ್ಮ ಕಾಲ ಹಿಡಿತೇನಿ." ದುರ್ಗಪ್ಪನವರು ಮುಖಕ್ಕೆ ನೀರು ಹಾಕಿಕೊಳ್ಳದೆ ಸ್ಕೂಟರ್ ಏರಿದರು. ಮರಿಯ ತಲೆ ಹೊರಗೆ ಬಂದಿತ್ತು, ಮುಂಗಾಲೆರಡೂ ಹಿಂದಕ್ಕೆ ಮಡಚಿಕೊಂಡಿದ್ದವು. ಕೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ, ತಲೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಒಂದೊಂದೇ ಕಾಲನ್ನು ಬೆರಳಲ್ಲಿ ಹುಡುಕಿ ಮುಂದಕ್ಕೆ ತಂದರು. ಮುಕ್ಕಾಲು ತಾಸು ಹಿಡಿಯಿತು. ಮರಿ ಬಂತು, ಅದರ ಹಿಂದೆ ಯಾರೂ ಎಣಿಸದಿದ್ದ ಇನ್ನೊಂದು ಮರಿ ಬಂತು. ಎರಡೂ ಬದುಕಿದವು, ತಾಯಿಯೂ ಬದುಕಿತು. ಲಗಮವ್ವ ಅತ್ತಳು, ನಕ್ಕಳು, ಒಲೆ ಹೊತ್ತಿಸಲು ಓಡಿದಳು.

ಕಂಬಳಿಯ ಮೇಲೆ ದುರ್ಗಪ್ಪನವರು, ಪಕ್ಕದಲ್ಲಿ ಪರಸಪ್ಪ. ಲಗಮವ್ವ ಎರಡು ಬಟ್ಟಲು ಚಹಾ ತಂದಳು. ದುರ್ಗಪ್ಪನವರ ಕೈ ರೂಢಿಯಂತೆ ಮುಂದೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. ಹೀಗೆ ಮಾಡಬೇಕೆಂದು ಅವರು ಮೊದಲೇ ಎಣಿಸಿರಲಿಲ್ಲ.

"ಬ್ಯಾಡ ತಂಗೆವ್ವಾ," ಎಂದರು. "ಈಗಷ್ಟ ಕುಡದ ಬಂದೇನಿ."

ಬೆಳಗಿನ ಆರೂವರೆ. ತೋಳಿನಲ್ಲಿ ಇನ್ನೂ ಎಣ್ಣೆಯ ಜಿಡ್ಡು, ಕಣ್ಣಲ್ಲಿ ನಿದ್ದೆಯ ಪಿಸರು. ಅದು ಸುಳ್ಳೆಂಬುದು ಕುರಿಗೂ ಗೊತ್ತಾಗುವಂತಿತ್ತು. ಮರಿ ಹುಟ್ಟಿದ ಮನೆಯಲ್ಲಿ ಕೊಟ್ಟ ಬಟ್ಟಲನ್ನು ಹಿಂದೆ ಕಳಿಸುವುದೆಂದರೆ ಈ ಕಡೆ ಯಾರೂ ಮಾಡದ ಕೆಲಸ; ವೈರಿಗಳೂ ಒಂದು ಗುಟುಕು ಕುಡಿದು ಎದ್ದು ಹೋಗುತ್ತಾರೆ. ಲಗಮವ್ವನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಪರಸಪ್ಪ ಮರಿಯ ಕಡೆ ನೋಡುತ್ತ ಕೂತ, ತಲೆ ಎತ್ತಲಿಲ್ಲ. ದುರ್ಗಪ್ಪನವರು ಎದ್ದು ಬಂದರು. ಹಾಗೆ ಅಂದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದರು, ಆಗಲಿಲ್ಲ. ದಾರಿಯುದ್ದಕ್ಕೂ ತಮ್ಮನ್ನು ತಾವೇ ಬೈದುಕೊಂಡರು, ಆ ಗಂಡ-ಹೆಂಡತಿಯನ್ನೂ ಬೈ‌ದರು. ಇನ್ನು ಪರಸಪ್ಪ ಮನೆಗೆ ಬರುವುದಿಲ್ಲ, ಮುಗಿಯಿತು ಎಂದು ಮಾಯಾಗೆ ಹೇಳಿದರು.

ಐದನೆಯ ದಿನ ಸಂತೆ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಪರಸಪ್ಪನ ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ಲಗಮವ್ವ ಕೂತಿದ್ದಳು. ಪರಸಪ್ಪ ಗಾಡಿಯಿಂದ ಇಳಿಯಲಿಲ್ಲ. ಲಗಮವ್ವ ಇಳಿದಳು, ಸೆರಗು ಬಿಗಿ ಮಾಡಿದಳು, ಮೆಟ್ಟಿಲು ಹತ್ತಿದಳು, ಕಟ್ಟೆಯ ಕಡೆ ನೋಡದೆ ನೆಟ್ಟಗೆ ಹೊಸ್ತಿಲು ದಾಟಿ ಪಡಸಾಲೆಗೆ ಬಂದು ನಿಂತಳು. ಮಾಯಾ ಕೈಯಲ್ಲಿದ್ದ ಮೊರ ಹಾಗೇ ಹಿಡಿದು ನಿಂತುಬಿಟ್ಟರು.

"ಅಣ್ಣಾರ," ಎಂದಳು ಲಗಮವ್ವ, "ನಮ್ಮ ಮನಿ ಚಹಾ ಯಾಕ ಬ್ಯಾಡಂದ್ರಿ? ಐದ ದಿನಾತು, ತಿಂದ ಅನ್ನ ಗಂಟಲಾಗ ಇಳಿಯವಲ್ದು. ನಾವೇನ ತಪ್ಪ ಮಾಡೇವಿ ಹೇಳ್ರಿ."

ಅಷ್ಟು ವರ್ಷ ಕಟ್ಟಿಟ್ಟಿದ್ದು ಒಡೆಯಿತು.

"ಏನ ತಪ್ಪ? ಏನ ತಪ್ಪಂತ ಕೇಳತೀಯೇನವ್ವಾ? ಇಪ್ಪತ್ತೆರಡ ವರ್ಷ ನಿನ್ನ ಗಂಡ ಆ ಕಟ್ಟಿ ಮ್ಯಾಲ ಕುಂತ ಎದ್ದ ಹೋಗ್ಯಾನ. ಒಂದ ದಿವ್ಸ ಒಳಗ ಬಂದಿಲ್ಲ. ಒಂದ ಗುಟುಕ ನೀರ ಮುಟ್ಟಿಲ್ಲ. ನಾ ನಿಮ್ಮ ಕುರಿ ಹೊಟ್ಟ್ಯಾಗ ಕೈ ಹಾಕಬಹುದು, ನಮ್ಮ ಮನಿ ಬಟ್ಟಲಕ್ಕ ನೀವು ಕೈ ಹಾಕೂದಿಲ್ಲ. ನಿನಗ ಐದ ದಿನಕ್ಕ ಅನ್ನ ಇಳಿಯವಲ್ದು ಅಂತಿ. ನಮ್ಮ ಲೆಕ್ಕ ಎಷ್ಟ ಆತು ಹೇಳು!"

ದನಿ ಒಡೆದು ಕಣ್ಣಲ್ಲಿ ನೀರು ಬಂತು. ಆ ನೀರಿನ ಮೇಲೂ ಅವರಿಗೆ ಸಿಟ್ಟು ಬಂತು, ಅಂಗಿಯ ತೋಳಿನಿಂದ ಒರೆಸಿಕೊಂಡರು. ಬಾಗಿಲು ತೆರೆದೇ ಇತ್ತು, ಗೇಟಿನಲ್ಲಿದ್ದ ಪರಸಪ್ಪನಿಗೆ ಒಂದೊಂದು ಮಾತೂ ಕೇಳಿಸಿರಬೇಕು.

ಲಗಮವ್ವ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದಳು.

"ನಮಗ ಗೊತ್ತಿರಲಿಲ್ಲಂತ ಸುಳ್ಳ ಹೇಳೂದಿಲ್ಲ ಅಣ್ಣಾರ," ಎಂದಳು. "ಹಿರ್ಯಾರು ಮಾಡತಿದ್ರು, ನಾವೂ ಮಾಡಿದಿವಿ. ನಿಮಗ ಹ್ಯಾಂಗ ಆಗತೈತಿ ಅಂತ ವಿಚಾರ ಮಾಡಲಿಲ್ಲ. ಮೊನ್ನಿ ನನ್ನ ಕೈಯಾನ ಬಟ್ಟಲ ನನ್ನ ಕೈಯಾಗ ಉಳದಾಗ ಗೊತ್ತಾತು." ಆಮೇಲೆ ಚಾಪೆಯ ಮೇಲೆ ಕೂತಳು. "ಈಗ ಏನೈತಿ, ಕೊಡ್ರಿ. ಕುಡದ ಹೋಗತೇನಿ."

ಏನಿತ್ತು? ಏನೂ ಇರಲಿಲ್ಲ! ಇವರು ಬರುವುದಿಲ್ಲವೆಂದು ಅಂದು ಡಬ್ಬಿಯನ್ನು ಮುಟ್ಟಿರಲಿಲ್ಲ. ಮಾಯಾ, ಐದು ನಿಮಿಷದಲ್ಲಿ ಚಹಾ ಮಾಡಿಬಿಡುತ್ತೇನೆ ಎಂದರು. ದುರ್ಗಪ್ಪನವರು ಬೇಡವೇ ಬೇಡ ಎಂದು ತಾವೇ ನೀರು ಕಾಸಲು ಇಟ್ಟರು. ಇಷ್ಟು ಪಾಡುಪಟ್ಟು ಕಲಿತದ್ದು ಯಾವ ಸುಖಕ್ಕೆ? ಪುಡಿ ಒತ್ತಿದರು, ಉಬ್ಬಿಸಿದರು, ನೀರು ಬಿಟ್ಟರು, ತಂಬಿಗೆಯ ಮೇಲಿನ ಡಬ್ಬಿಯನ್ನು ಹಾಗೇ ಎತ್ತಿ ತಂದು ಪಡಸಾಲೆಯ ನಡುವೆ ಇಟ್ಟರು. ಮೂವರೂ ಅದರ ಸುತ್ತ ಕೂತರು. ಹನಿ ಬೀಳುವ ಸಪ್ಪಳ ಕೇಳುತ್ತಿತ್ತು.

ಹೊರಗೆ ಹಾರ್ನ್ ಆಯಿತು. ಮತ್ತೊಮ್ಮೆ ಆಯಿತು.

"ಏ ಇಕಿನ, ಸಂತಿ ಮುಗೀತೈತಿ!"

"ಮುಗೀಲಿ," ಎಂದು ಲಗಮವ್ವ ಕೂತಲ್ಲಿಂದಲೇ ಕೂಗಿದಳು. "ಇದು ಲಗೂ ಆಗೂದಲ್ಲ. ನೀ ಒಳಗ ಬಾ."

ಡಬ್ಬಿಯಿಂದ ಹತ್ತಾರು ಹನಿ ಬಿದ್ದವು. ಆಮೇಲೆ ಗೇಟು ಕಿರುಗುಟ್ಟಿತು. ಪರಸಪ್ಪ ಕಟ್ಟೆಯ ತನಕ ಬಂದ, ಹೊಸ್ತಿಲ ತನಕ ಬಂದ, ಚಪ್ಪಲಿ ಬಿಡಲು ಎಷ್ಟು ಹೊತ್ತು ಬೇಕೋ ಅದರ ನಾಲ್ಕರಷ್ಟು ಹೊತ್ತು ತೆಗೆದುಕೊಂಡ. ಒಳಗೆ ಬಂದವನಿಗೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಕಚೇರಿಗೆ ಬಂದವನಂತೆ ಖುರ್ಚಿಯ ತುದಿಯಲ್ಲಿ ಕೂತ. ದುರ್ಗಪ್ಪನವರು ಆ ಹೊತ್ತು ಒಮ್ಮೆಯೂ ಬಸಿ ಎತ್ತಿ ನೋಡಲಿಲ್ಲ.

ಕಾಫಿ ಆಯಿತು. ನಾಲ್ಕು ಬಟ್ಟಲು. ಲಗಮವ್ವ ಊದಿ ಊದಿ ಕುಡಿದು ಮುಗಿಸಿ, "ಕಹಿ ಐತ್ರಿ ಅಣ್ಣಾರ. ಖರೆ ಸೇರತೈತಿ," ಎಂದಳು. ಪರಸಪ್ಪ ಬಟ್ಟಲು ಕೈಯಲ್ಲಿ ಹಿಡಿದಿದ್ದ. ತೆರೆದ ಬಾಗಿಲಿನಾಚೆ ಸಂತೆಗೆ ಹೋಗುವ ಬರುವ ಮಂದಿ, ಅರ್ಧಕ್ಕರ್ಧ ಅವನ ಊರ ಕಡೆಯವರೇ. ಅವನು ಎದ್ದ. ಬಟ್ಟಲನ್ನು ಹಿಡಿದೇ ಹೋಗಿ ಬಾಗಿಲು ಮುಚ್ಚಿದ. ಬಂದು ಕೂತು ಬಟ್ಟಲನ್ನು ತುಟಿಯ ಹತ್ತಿರ ತಂದ.

ದುರ್ಗಪ್ಪನವರು ಮುಚ್ಚಿದ ಬಾಗಿಲನ್ನು ನೋಡಿದರು. ಸುಮ್ಮನಿದ್ದುಬಿಡಬಹುದಿತ್ತು. ಇಷ್ಟಾದರೂ ಆಯಿತಲ್ಲ ಎನ್ನಬಹುದಿತ್ತು. ಮಾಯಾ ಬೇಡ ಎನ್ನುವಂತೆ ನೋಡಿದರು. ದುರ್ಗಪ್ಪನವರು ಎದ್ದು ಹೋಗಿ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದರು.

"ಕುಡದ್ರ ಹಿಂಗ ಕುಡಿ ಪರಸಪ್ಪಾ. ಆಗೂದಿಲ್ಲಂದ್ರ ಅಲ್ಲಿ ಇಟ್ಟ ಹೋಗು. ಕದಾ ಹಾಕ್ಕೊಂಡ ಕುಡಿಯೂ ಗೆಳೆತನ ನನಗ ಬ್ಯಾಡ."

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಬೈಕು ಮೆಲ್ಲಗಾಯಿತು. ಪರಸಪ್ಪನ ಊರಿನ ಖಂಡೆಪ್ಪ. ಇಬ್ಬರದೂ ಒಂದೇ ಬದುವಿನ ಹೊಲ. ನಿಂತಿದ್ದ ಗಾಡಿಯನ್ನು ಗುರುತಿಸಿ ಒಳಗೆ ಇಣುಕಿದ.

"ಪರಸಪ್ಪ ಕಾಕಾ! ಅಲ್ಲಿ ಒಳಗ ಏನ ಮಾಡಾಕತ್ತಿ?"

ಪರಸಪ್ಪ ಎದ್ದ. ಹೊರಟ, ಎಂದುಕೊಂಡು ದುರ್ಗಪ್ಪನವರು ದಾರಿ ಬಿಟ್ಟು ಸರಿದರು. ಪರಸಪ್ಪ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ಬಂದು ಬಿಸಿಲಲ್ಲಿ ನಿಂತ. ಗಟಗಟ ಎಂದು ಅರ್ಧ ಕುಡಿದ. ಮುಖ ಹುಳ್ಳಗೆ ಮಾಡಿದ.

"ಕಾಫಿ ಕುಡಿಯಾಕತ್ತೇನಿ," ಎಂದ. ದನಿ ಕೀರಲಾಗಿತ್ತು, ಆದರೆ ರಸ್ತೆಗೆ ಕೇಳಿಸಿತು. "ಡಾಕ್ಟರ್‌ರ ಮನ್ಯಾಗ."

ಖಂಡೆಪ್ಪ ಬಟ್ಟಲನ್ನು ನೋಡಿದ, ಪರಸಪ್ಪನನ್ನು ನೋಡಿದ. ಅವನ ಬೈಕು ಅಲ್ಲೇ ಸ್ವಲ್ಪ ಹೊತ್ತು ಗುರುಗುಟ್ಟುತ್ತ ನಿಂತು ಆಮೇಲೆ ಮುಂದಕ್ಕೆ ಹೋಯಿತು. ಅವನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಪರಸಪ್ಪ ಉಳಿದದ್ದನ್ನು ಅಲ್ಲೇ ನಿಂತು ಕುಡಿದ. ಒಳಗೆ ಬಂದು ಈ ಸಲ ಚಾಪೆಯ ಮೇಲೆ ಕಾಲು ಮಡಚಿ ಕೂತ. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಯಾ ಅವರನ್ನು ಏನೆಂದೂ ಕರೆದಿರಲಿಲ್ಲ, ಅವರ ಕಡೆ ಮುಖ ಎತ್ತಿ ಮಾತಾಡಿರಲೂ ಇಲ್ಲ. ಖಾಲಿ ಬಟ್ಟಲನ್ನು ಅವರ ಮುಂದೆ ಹಿಡಿದ.

"ವೈನಿ," ಎಂದ, ಅಣ್ಣನ ಹೆಂಡತಿಯನ್ನು ಕರೆಯುವಂತೆ, "ಇನ್ನೊಂದ ಅರ್ಧಾ ಬಟ್ಟಲ ಹಾಕ್ರಿ."